ಉಪ್ಪಿನಕಾಯಿ ಡಬ್ಬಿಯಲ್ಲಿ ಬಂದ ಗಡ್ಡೆ: ಇಂಡಿ ತಾಲ್ಲೂಕಿನ ಒಂದು ಪ್ರಕರಣ

ಸೋಮವಾರ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ವಿಜಯಪುರದ ನಮ್ಮ ಪ್ರಯೋಗಾಲಯದ ಕಿಟಕಿಯ ಮುಂದೆ ನಿಂತ ರೈತರೊಬ್ಬರು ಕೈಚೀಲದಿಂದ ತೆಗೆದು ಕೊಟ್ಟದ್ದು ಪ್ಲಾಸ್ಟಿಕ್ಕಿನ ಒಂದು ಉಪ್ಪಿನಕಾಯಿ ಡಬ್ಬಿ. ಅದರ ಚೀಟಿಯನ್ನು ಕೆರೆದು ತೆಗೆಯಲು ಹೋಗಿ ಯಾರೋ ಅರ್ಧಕ್ಕೇ ಬಿಟ್ಟಿದ್ದರು. ಒಳಗೆ ಇದ್ದದ್ದು ಅವರ ಹೆಂಡತಿಯ ಎಡ ಸ್ತನದಿಂದ ಶನಿವಾರ ಸಂಜೆ ತೆಗೆದ ಗಡ್ಡೆ. ಸುತ್ತಲಿನ ಕೊಬ್ಬೂ ಸೇರಿ ಅದು ಡಬ್ಬಿಯ ಬಾಯಿಗಿಂತ ದೊಡ್ಡದಾಗಿದ್ದರಿಂದ ಒತ್ತಿ ತುರುಕಿದ್ದರು. ಅಂಗಾಂಶ ಕೆಡದಂತೆ ಕಾಯುವ ಫಾರ್ಮಾಲಿನ್ ದ್ರವ ಅರ್ಧ ಗಡ್ಡೆಯನ್ನೂ ಮುಳುಗಿಸಿರಲಿಲ್ಲ. ಹೊರತೆಗೆದು ನೋಡಿದಾಗ ಹೊರ ಅಂಚು ಬೂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಚಾಕು ಹಾಕಿ ಎರಡು ಹೋಳು ಮಾಡಿದರೆ ನಡುಭಾಗ ಹಸಿ ಮಾಂಸದ ಹಾಗೆ ಕೆಂಪಗೆ, ಮೆತ್ತಗೆ ಉಳಿದಿತ್ತು.

ಈ ಬರಹ ಆ ಡಬ್ಬಿಯ ಹಿಂದುಮುಂದಿನ ಕಥೆ, ಮತ್ತು ಅದರ ನೆಪದಿಂದ ನಮ್ಮ ಸಂಸ್ಥೆಯೊಳಗೆ ನಡೆದ ಒಂದು ಚರ್ಚೆಯ ದಾಖಲೆ. ರೋಗಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವ್ಯಕ್ತಿಗಳ, ಆಸ್ಪತ್ರೆಗಳ, ಪ್ರಯೋಗಾಲಯಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ತಪ್ಪಿದ ಕೈಗಳಲ್ಲಿ ನಮ್ಮ ಕೈಯೂ ಒಂದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಡಬ್ಬಿಗೆ ಮುಂಚಿನ ದಿನಗಳು

ಆಕೆಗೆ ನಲವತ್ತಾರು ವರ್ಷ. ಊರು ಇಂಡಿ ತಾಲ್ಲೂಕಿನ ಭೀಮಾ ತೀರದ ಕಡೆ. ಎರಡು ಎಕರೆ ನಿಂಬೆ ತೋಟ, ಜೊತೆಗೆ ಬೇರೆಯವರ ತೋಟದಲ್ಲಿ ಕಾಯಿ ಬಿಡಿಸುವ ಕೂಲಿ. ಗಡ್ಡೆ ಕೈಗೆ ತಗುಲಿದ್ದು ಕಾರಹುಣ್ಣಿಮೆಯ ಸುಮಾರಿಗೆ. ನೋವಿರಲಿಲ್ಲ. ನೋವಿಲ್ಲದ ಗಡ್ಡೆಯನ್ನು ತೋರಿಸಲು ಹೋಗುವುದು ನಮ್ಮ ಕಡೆ ರೂಢಿಯಲ್ಲಿಲ್ಲ. ‘ತ್ರಾಸ ಇಲ್ಲಂದ್ರ ಯಾಕ ತೋರಸೂದ್ರಿ’ ಎಂಬ ಮಾತನ್ನು ನಾವು ವಾರಕ್ಕೊಮ್ಮೆಯಾದರೂ ಕೇಳುತ್ತೇವೆ. ಸ್ತನ ಕ್ಯಾನ್ಸರಿನ ಗಡ್ಡೆ ಸಾಮಾನ್ಯವಾಗಿ ನೋಯುವುದೇ ಇಲ್ಲ ಎಂಬ ಒಂದು ಸಂಗತಿ ಊರೂರಿಗೆ ಮುಟ್ಟಿದ್ದರೆ ಎಷ್ಟೋ ಮಂದಿ ಬೇಗ ಬರುತ್ತಿದ್ದರು.

ಶ್ರಾವಣದಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದು ಸರ್ಕಾರದ ನಮೂನೆ ತುಂಬುವಾಗ ಅದರಲ್ಲಿದ್ದ ಸ್ತನದ ಗಂಟಿನ ಪ್ರಶ್ನೆಗೆ ಆಕೆ ಹೌದು ಎಂದರು. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹೊರಡಿಸಿದ ಮಾರ್ಗಸೂಚಿಯಂತೆ ಮೂವತ್ತರಿಂದ ಅರವತ್ತೈದು ವಯಸ್ಸಿನವರಿಗೆಲ್ಲ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಐದು ವರ್ಷಕ್ಕೊಮ್ಮೆ ಆಗಬೇಕು. ಸ್ತನಕ್ಕೆ ತರಬೇತಾದ ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ. ಇಲ್ಲಿ ಅದು ನಡೆಯಿತು. ಉಪಕೇಂದ್ರದ ಅಧಿಕಾರಿ ಗಡ್ಡೆಯನ್ನು ಮುಟ್ಟಿ ನೋಡಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟರು. ಈ ಪ್ರಕರಣದಲ್ಲಿ ಯಾವ ದೂರೂ ಇಲ್ಲದೆ ನಡೆದ ಹಂತ ಇದೊಂದೇ.

ಚೀಟಿ ಹಿಡಿದು ಆಕೆ ವಿಜಯಪುರಕ್ಕೆ ಬರಲಿಲ್ಲ. ಕಾಯಿ ಬಿಡಿಸುವ ಹಂಗಾಮು ನಡೆದಿತ್ತು. ಜಿಲ್ಲಾ ಕೇಂದ್ರಕ್ಕೆ ಬಂದರೆ ಒಂದು ದಿನ ಚೀಟಿ ಮಾಡಿಸುವುದಕ್ಕೆ, ಒಂದು ದಿನ ಸ್ಕ್ಯಾನಿಂಗಿಗೆ, ಮತ್ತೊಂದು ದಿನ ಸೂಜಿ ಪರೀಕ್ಷೆಗೆ ಎಂದು ಮೂರು ದಿನದ ಕೂಲಿ ಇಬ್ಬರದೂ ಹೋಗುತ್ತದೆಂದು ಹಿಂದೆ ಬಂದು ಹೋದವರು ಹೇಳಿದ್ದರು, ಮತ್ತು ಅವರು ಹೇಳಿದ್ದು ಸುಳ್ಳಲ್ಲ. ಪಕ್ಕದ ಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ಶನಿವಾರ ಹೊರಗಿನಿಂದ ಶಸ್ತ್ರವೈದ್ಯರು ಬರುತ್ತಾರೆ, ಒಂದೇ ದಿನದಲ್ಲಿ ಗಡ್ಡೆ ತೆಗೆದು ಸಂಜೆ ಮನೆಗೆ ಕಳಿಸುತ್ತಾರೆ ಎಂಬುದು ಗೊತ್ತಾದಾಗ ಆ ದಾರಿಯೇ ಅವರಿಗೆ ಸರಿ ಕಂಡಿತು. ಬಡವರು ಅಜ್ಞಾನದಿಂದ ತಪ್ಪು ದಾರಿ ಹಿಡಿಯುತ್ತಾರೆ ಎಂದು ನಾವು ಹೇಳುವುದುಂಟು. ಅವರ ಕೂಲಿಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದ ಮೇಲೆ ನಾನು ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ.

ಸರಿಯಾದ ಕ್ರಮವೆಂದರೆ ಮೊದಲು ದಪ್ಪ ಸೂಜಿಯಿಂದ ನೂಲೆಳೆಯಂಥ ನಾಲ್ಕೈದು ಎಳೆಗಳನ್ನು ತೆಗೆದು ಪರೀಕ್ಷಿಸುವುದು, ಕ್ಯಾನ್ಸರ್ ಹೌದೆಂದಾದರೆ ಹಂತವನ್ನು ಅಳೆಯುವುದು, ಆಮೇಲೆ ಕೀಮೋ ಮೊದಲೋ ಶಸ್ತ್ರಚಿಕಿತ್ಸೆ ಮೊದಲೋ ಎಂದು ತೀರ್ಮಾನಿಸುವುದು. ಆ ಎಳೆಗಳು ತೆಳ್ಳಗಿರುವುದರಿಂದ ಫಾರ್ಮಾಲಿನ್ ಬೇಗ ಒಳಗಿಳಿಯುತ್ತದೆ. ಇಡೀ ಗಡ್ಡೆಯನ್ನೇ ತೆಗೆದು ಡಬ್ಬಿಗೆ ಹಾಕಿದರೆ ಈ ಅನುಕೂಲ ಕೈಬಿಟ್ಟಿತು.

ಫಾರ್ಮಾಲಿನ್ ಗಂಟೆಗೆ ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ ಒಳಗೆ ಹೋಗುತ್ತದೆ. ಆದ್ದರಿಂದ ದೊಡ್ಡ ತುಂಡನ್ನು ಮೊದಲೇ ಸೀಳಿ, ಅದರ ಹತ್ತು ಪಟ್ಟು ದ್ರವದಲ್ಲಿ, ದೇಹದಿಂದ ತೆಗೆದ ಒಂದು ಗಂಟೆಯೊಳಗೆ ಮುಳುಗಿಸಬೇಕು. ಕನಿಷ್ಠ ಆರು ಗಂಟೆ, ಹೆಚ್ಚೆಂದರೆ ಎಪ್ಪತ್ತೆರಡು ಗಂಟೆ ಅದರಲ್ಲಿರಬೇಕು. ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ನಲವತ್ತು ಗಂಟೆ ಚಿಲ್ಲರೆ. ಗಂಟೆಯ ಲೆಕ್ಕದಲ್ಲಿ ನಿಯಮದೊಳಗೇ ಇತ್ತು. ಆದರೆ ದ್ರವವೇ ತಾಗದ ಭಾಗಕ್ಕೆ ಗಂಟೆಯ ಲೆಕ್ಕ ಯಾವುದು? ಶನಿವಾರ ಗಡ್ಡೆ ಟ್ರೇನಲ್ಲಿ ಎಷ್ಟು ಹೊತ್ತು ಕಾದಿತ್ತು, ಫಾರ್ಮಾಲಿನ್ನಿಗೆ ಅದು ಆಮ್ಲವಾಗದಂತೆ ತಡೆಯುವ ಬಫರ್ ಸೇರಿಸಿದ್ದರೋ ಅಥವಾ ಅಂಗಡಿಯ ಗಟ್ಟಿ ದ್ರವಕ್ಕೆ ಕಣ್ಣಳತೆಯಲ್ಲಿ ನಲ್ಲಿ ನೀರು ಸುರಿದಿದ್ದರೋ, ಇದಾವುದೂ ಚೀಟಿಯಲ್ಲಿರಲಿಲ್ಲ. ನಮ್ಮ ಕಿಟಕಿಯಲ್ಲಿದ್ದವರು ಅದನ್ನು ಕೇಳಲೂ ಇಲ್ಲ, ಡಬ್ಬಿಯ ಸ್ಥಿತಿಯನ್ನು ದಾಖಲೆ ಪುಸ್ತಕದಲ್ಲಿ ಬರೆಯಲೂ ಇಲ್ಲ. ಸಂಖ್ಯೆ ಕೊಟ್ಟು ಒಳಗೆ ತೆಗೆದುಕೊಂಡರು. ನಮ್ಮ ತಪ್ಪು ಇದು.

ಮೂರೂ ನೆಗೆಟಿವ್

ಗಡ್ಡೆಯ ತೆಳು ಪದರ ಇಟ್ಟು ಸಾಧಾರಣ ಬಣ್ಣ ಹಾಕಿದ ಗಾಜಿನ ಪಟ್ಟಿಯ ಮೇಲೆ ರೋಗ ಸ್ಪಷ್ಟವಿತ್ತು. ನಾಳದಿಂದ ಹೊರಬಿದ್ದು ಹರಡುವ ಬಗೆಯ ಕ್ಯಾನ್ಸರ್, ಮೂರನೆಯ, ಅಂದರೆ ಅತ್ಯಂತ ಉಗ್ರ ಶ್ರೇಣಿ. ಅಂಚುಗಳು ಕ್ಯಾನ್ಸರಿನಿಂದ ಮುಕ್ತವಾಗಿವೆಯೇ ಎಂದು ಹೇಳಲಾಗದಷ್ಟು ತುಂಡು ಜಜ್ಜಿಹೋಗಿತ್ತು. ಮುಂದಿನ ಪ್ರಶ್ನೆ ಗ್ರಾಹಕಗಳದು, ಅಂದರೆ ರಿಸೆಪ್ಟರುಗಳದು: ಈ ಕ್ಯಾನ್ಸರಿನ ಕೋಶಗಳು ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳಿಗೆ ಬಾಗಿಲು ತೆರೆದಿವೆಯೇ, ಹರ್-2 ಎಂಬ ಪ್ರೋಟೀನು ಅವುಗಳ ಮೈಮೇಲೆ ಅತಿಯಾಗಿದೆಯೇ. ಇಮ್ಯುನೋಹಿಸ್ಟೋಕೆಮಿಸ್ಟ್ರಿ ಎಂಬ, ನಾವು ದಿನನಿತ್ಯ ಐಎಚ್‌ಸಿ ಎನ್ನುವ ಬಣ್ಣದ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಆಗ ಅದು ನಮ್ಮಲ್ಲಿರಲಿಲ್ಲ. ಅಂಗಾಂಶವನ್ನು ಅದ್ದಿ ಎರಕ ಹೊಯ್ದ ಮೇಣದ ಬಿಲ್ಲೆಯನ್ನು ದೊಡ್ಡ ನಗರದ ಒಂದು ಖಾಸಗಿ ಪ್ರಯೋಗಾಲಯಕ್ಕೆ ಕೊರಿಯರ್ ಮಾಡುವುದು ವಾಡಿಕೆ, ಹಣ ಮನೆಯವರದು. ನಾಲ್ಕೂವರೆ ಸಾವಿರ ರೂಪಾಯಿ ಹೊಂದಿಸಲು ಅವರಿಗೆ ಹದಿನೆಂಟು ದಿನ ಬೇಕಾಯಿತು. ಅಷ್ಟೂ ದಿನ ಬಿಲ್ಲೆ ನಮ್ಮ ಮರದ ಪೆಟ್ಟಿಗೆಯಲ್ಲಿತ್ತು.

ಈ ಹಣ ಯೋಜನೆಯಿಂದ ಏಕೆ ಬರಲಿಲ್ಲ ಎಂದು ಓದುಗರು ಕೇಳಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಆ ಕುಟುಂಬಕ್ಕಿತ್ತು. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಅದರಲ್ಲಿ ಸಿಗುತ್ತದೆ, ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಎಲ್ಲವೂ ಸೇರಿ. ಆದರೆ ಯೋಜನೆ ಕಟ್ಟಿಕೊಂಡಿರುವುದು ಆಸ್ಪತ್ರೆಗೆ ದಾಖಲಾಗುವುದರ ಸುತ್ತ. ಆಯುಷ್ಮಾನ್ ನಿಯಮದಲ್ಲಿ ದಾಖಲಾಗುವ ಮುಂಚಿನ ಮೂರು ದಿನದ ಪರೀಕ್ಷೆಗಳು ಪ್ಯಾಕೇಜಿನೊಳಗೆ ಬರುತ್ತವೆ. ಕ್ಯಾನ್ಸರಿನಲ್ಲಿ ನಿರ್ಣಾಯಕವಾದ ಪರೀಕ್ಷೆಗಳೋ ದಾಖಲಾತಿಗೆ ವಾರಗಟ್ಟಲೆ ಮುಂಚೆ ನಡೆಯುವಂಥವು, ಅವುಗಳ ಉತ್ತರ ಬಂದ ಮೇಲಲ್ಲವೇ ಯಾವ ಪ್ಯಾಕೇಜು ಎಂದು ಆರಿಸುವುದು. ಹೀಗಾಗಿ ಲಕ್ಷಗಟ್ಟಲೆಯ ಚಿಕಿತ್ಸೆ ಉಚಿತ, ಆ ಚಿಕಿತ್ಸೆ ಯಾವುದಿರಬೇಕೆಂದು ಹೇಳುವ ಕೆಲವು ಸಾವಿರದ ಪರೀಕ್ಷೆಗೆ ಕಿಸೆಯ ಹಣ. ನನ್ನ ಅಭಿಪ್ರಾಯದಲ್ಲಿ ಈ ವ್ಯವಸ್ಥೆಯ ಅತಿ ದೊಡ್ಡ ಅನ್ಯಾಯ ಈ ಸಂದಿಯಲ್ಲಿದೆ, ಯಂತ್ರದ ಕೊರತೆಯಲ್ಲಿ ಅಲ್ಲ. ಹಣ ಹೊಂದಿಸಲಾಗದ ಎಷ್ಟೋ ಹೆಂಗಸರು ಗ್ರಾಹಕಗಳ ಸ್ಥಿತಿ ತಿಳಿಯದೆಯೇ ಅಂದಾಜಿನ ಮೇಲೆ ಕೀಮೋ ಪಡೆದು ಮನೆಗೆ ಹೋಗುತ್ತಾರೆ.

ವರದಿ ಬಂತು. ಮೂರೂ ನೆಗೆಟಿವ್.

ವರದಿ ಇಂಗ್ಲಿಷಿನಲ್ಲಿತ್ತು. ಅದನ್ನು ಓದಿ ಹೇಳಿದವನು ಊರಿನ ಕಾಲೇಜು ಹುಡುಗ. ಕೋವಿಡ್ ವರ್ಷಗಳ ನಂತರ ನೆಗೆಟಿವ್ ಎಂಬ ಪದದ ಅರ್ಥ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು: ರೋಗವಿಲ್ಲ. ಒಂದಲ್ಲ, ಮೂರೂ ನೆಗೆಟಿವ್ ಎಂದರೆ ಇನ್ನೇನು ಬೇಕು? ಮನೆಯವರು ದೇವರಿಗೆ ಕಾಯಿ ಒಡೆಸಿ ಮೂರು ವಾರ ಆಸ್ಪತ್ರೆಯ ಕಡೆ ಸುಳಿಯಲಿಲ್ಲ. ವೈದ್ಯಶಾಸ್ತ್ರದಲ್ಲಿ ಆ ಪದದ ಅರ್ಥ ತಿರುಗುಮುರುಗು. ಮೂರೂ ನೆಗೆಟಿವ್ ಎಂದರೆ ಹಾರ್ಮೋನ್ ಮಾತ್ರೆಯೂ ನಾಟದ, ಹರ್-2 ತಡೆಯುವ ಚುಚ್ಚುಮದ್ದೂ ನಾಟದ, ಬೇಗ ಹರಡುವ ಸ್ವಭಾವದ ಕ್ಯಾನ್ಸರ್. ಹಿಂಬಾಲಿಸಿ ಕರೆ ಮಾಡಿದ್ದು ಅದೇ ಆಶಾ ಕಾರ್ಯಕರ್ತೆ. ಬರದೇ ಇದ್ದವರನ್ನು ಕರೆಸುವ ಏರ್ಪಾಡು ನಮ್ಮಲ್ಲಿರಲಿಲ್ಲ.

ಪಕ್ಕದ ನಾಳ

ಕೊನೆಗೂ ಆಕೆ ಬಂದಾಗ ಎಡ ಕಂಕುಳಲ್ಲಿ ಗಂಟುಗಳು ಕೈಗೆ ಸಿಗುತ್ತಿದ್ದವು. ಕ್ಯಾನ್ಸರ್ ತಜ್ಞರು, ಶಸ್ತ್ರವೈದ್ಯರು, ವಿಕಿರಣ ತಜ್ಞರು ಮತ್ತು ನಾವು ಸೇರುವ ವಾರದ ಸಭೆಯಲ್ಲಿ ಪ್ರಕರಣ ಮುಂದೆ ಬಂತು. ಮನೆಯವರು ಗಾಜಿನ ಪಟ್ಟಿಗಳನ್ನು ರುಮಾಲಿನಲ್ಲಿ ಸುತ್ತಿ ತಂದಿದ್ದರು, ಒಂದರ ಮೂಲೆ ಮುರಿದಿತ್ತು. ಹೊರಗಿನ ವರದಿಯ ಮೇಲೆ ಕೀಮೋ ಬರೆದು ಮುಗಿಸಿಬಿಡಬಹುದಿತ್ತು, ಸಭೆಯ ಮುಂದೆ ಆ ದಿನ ಇನ್ನೂ ಒಂಬತ್ತು ಪ್ರಕರಣಗಳಿದ್ದವು. ನಮ್ಮ ವಿಭಾಗದ ಹಿರಿಯರೊಬ್ಬರು ಪಟ್ಟಿಯನ್ನೊಮ್ಮೆ ಸೂಕ್ಷ್ಮದರ್ಶಕದಡಿ ಇಡೋಣ ಎಂದರು.

ಗಾಜಿನ ಮೇಲೆ ಕ್ಯಾನ್ಸರ್ ಕೋಶಗಳ ಪಕ್ಕದಲ್ಲೇ ಆರೋಗ್ಯವಂತ ಹಾಲಿನ ನಾಳಗಳು ಒಂದೆರಡು ಉಳಿದಿರುತ್ತವೆ. ಸಹಜ ನಾಳದ ಕೆಲವು ಕೋಶಗಳಲ್ಲಿ ಈಸ್ಟ್ರೋಜನ್ ಗ್ರಾಹಕ ಇದ್ದೇ ಇರುತ್ತದೆ, ಆದ್ದರಿಂದ ಪರೀಕ್ಷೆ ಸರಿಯಾಗಿ ನಡೆದಿದ್ದರೆ ಅಲ್ಲಿ ಅಲ್ಲೊಂದು ಇಲ್ಲೊಂದು ಕೋಶಕೇಂದ್ರ ಕಂದು ಬಣ್ಣಕ್ಕೆ ತಿರುಗಿರಬೇಕು. ಆಕೆಯ ಪಟ್ಟಿಯಲ್ಲಿ ಸಹಜ ನಾಳವೂ ನೀಲಿಯಾಗಿಯೇ ಇತ್ತು, ಒಂದು ಕಂದು ಚುಕ್ಕೆಯೂ ಇರಲಿಲ್ಲ. ಬಣ್ಣ ಹತ್ತಲೇಬೇಕಾದ ನೂಲಿಗೇ ಹತ್ತದಿದ್ದರೆ ಇಳಕಲ್ಲಿನ ನೇಕಾರ ಮೊದಲು ಬಣ್ಣದ ಹಂಡೆಯನ್ನು ನೋಡುತ್ತಾನೆ. ವರದಿಯಲ್ಲಿ ಬರೆಯಬೇಕಾಗಿದ್ದದ್ದು ನೆಗೆಟಿವ್ ಎಂದಲ್ಲ, ಈ ಅಂಗಾಂಶದ ಮೇಲೆ ಫಲಿತಾಂಶ ಹೇಳಲಾಗದು, ಹೊಸ ಮಾದರಿ ಕಳಿಸಿ ಎಂದು. ಹಾಗೆ ಬರೆಯದೇ ಇರಲು ಆ ಪ್ರಯೋಗಾಲಯಕ್ಕೂ ಕಾರಣವಿದ್ದಿರಬೇಕು: ದಿನಕ್ಕೆ ನೂರಾರು ಬಿಲ್ಲೆ, ದೂರದ ಊರು, ಹಣ ಆಗಲೇ ಸಂದಾಯವಾಗಿದೆ, ಮತ್ತು ಬಿಲ್ಲೆ ಉಪ್ಪಿನಕಾಯಿ ಡಬ್ಬಿಯಿಂದ ಹುಟ್ಟಿದ್ದು ಎಂದು ತಿಳಿಸುವ ಒಂದು ಸಾಲೂ ನಮ್ಮ ಚೀಟಿಯಲ್ಲಿರಲಿಲ್ಲ.

ಕಂಕುಳಿನ ಗಂಟಿನಿಂದ ದಪ್ಪ ಸೂಜಿಯಲ್ಲಿ ಎಳೆಗಳನ್ನು ತೆಗೆದು ಅಲ್ಲಿಯೇ, ನಮ್ಮ ಕಣ್ಣೆದುರೇ, ಹೊಸ ಫಾರ್ಮಾಲಿನ್ನಿಗೆ ಹಾಕಿದೆವು. ಆ ಬಿಲ್ಲೆಯನ್ನು ಬೇರೊಂದು ಕೇಂದ್ರಕ್ಕೆ ಕಳಿಸಿದೆವು, ಈ ಸಲ ವಿಭಾಗದ ಹಣದಿಂದ. ಈಸ್ಟ್ರೋಜನ್ ಗ್ರಾಹಕ ಬಲವಾಗಿ ಪಾಸಿಟಿವ್. ಹರ್-2 ಎರಡು ಪ್ಲಸ್, ಅಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಅದನ್ನು ಇತ್ಯರ್ಥ ಮಾಡಲು ಜೀನಿನ ಪ್ರತಿಗಳನ್ನೇ ಹೊಳೆಯುವ ಚುಕ್ಕೆಗಳಾಗಿ ಎಣಿಸುವ ಫಿಶ್ ಎಂಬ ಪರೀಕ್ಷೆ ಬೇಕು. ಬಿಲ್ಲೆ ಮತ್ತೊಂದು ಊರಿಗೆ ಹೋಯಿತು. ಜೀನು ಹೆಚ್ಚಿಲ್ಲ ಎಂಬ ಉತ್ತರ ಸಂಕ್ರಾಂತಿ ಕಳೆದ ಮೇಲೆ ಬಂತು.

ಅಲ್ಲಿಗೆ ಆಕೆಯ ಚಿಕಿತ್ಸೆಗೆ ಕೀಮೋ, ಶಸ್ತ್ರಚಿಕಿತ್ಸೆ ಮತ್ತು ವಿಕಿರಣದ ಜೊತೆ ಟಮಾಕ್ಸಿಫೆನ್ ಎಂಬ ಹಾರ್ಮೋನ್ ಮಾತ್ರೆ ಸೇರಿತು. ಗ್ರಾಹಕ ಪಾಸಿಟಿವ್ ಇರುವವರಲ್ಲಿ ಐದು ವರ್ಷ ಈ ಮಾತ್ರೆ ನುಂಗಿದರೆ ಸ್ತನ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಮೂರನೆಯ ಒಂದು ಭಾಗ ತಗ್ಗುತ್ತದೆ ಎಂಬುದು ದಶಕಗಳ ಪ್ರಯೋಗಗಳಿಂದ ದೃಢಪಟ್ಟ ಸಂಗತಿ. ಕ್ಯಾನ್ಸರಿನ ಔಷಧಗಳಲ್ಲಿ ಇದಕ್ಕಿಂತ ಅಗ್ಗದ್ದು ಸಿಗುವುದು ಕಷ್ಟ. ಮೊದಲ ವರದಿ ನಿಂತಿದ್ದರೆ ಆಕೆಗೆ ಈ ಮಾತ್ರೆ ಸಿಗುತ್ತಿರಲಿಲ್ಲ, ಸಿಗಬೇಕಿತ್ತೆಂದು ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸ್ತನ ಕ್ಯಾನ್ಸರ್ ಉಪಕ್ರಮ ರೋಗಿ ಮೊದಲ ಸಲ ಬಾಗಿಲಿಗೆ ಬಂದ 60 ದಿನದೊಳಗೆ ರೋಗನಿರ್ಣಯ ಪೂರ್ಣವಾಗಬೇಕೆನ್ನುತ್ತದೆ. ಆಶಾ ಕಾರ್ಯಕರ್ತೆಯ ಭೇಟಿಯಿಂದ ಎಣಿಸಿದರೆ ಇಲ್ಲಿ ಐದು ತಿಂಗಳಾಗಿತ್ತು.

ಹಿಂದುಳಿದ ಜಿಲ್ಲೆಯೆಂದು ಹೀಗಾಯಿತು ಎಂದು ಯಾರೂ ಭಾವಿಸಬಾರದು. ಕೆನಡಾದ ನ್ಯೂಫೌಂಡ್‌ಲೆಂಡ್ ಪ್ರಾಂತ್ಯದಲ್ಲಿ 1997ರಿಂದ 2005ರವರೆಗೆ ನಡೆದ ಇದೇ ಗ್ರಾಹಕ ಪರೀಕ್ಷೆಗಳಲ್ಲಿ ಸುಮಾರು 400 ರೋಗಿಗಳಿಗೆ ತಪ್ಪು ಫಲಿತಾಂಶ ಹೋಗಿತ್ತು. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮೆರಾನ್ ಅವರ ವಿಚಾರಣಾ ಆಯೋಗ 2009ರಲ್ಲಿ ವರದಿ ಕೊಟ್ಟಿತು. ಅಲ್ಲಿ ಯಂತ್ರಗಳಿದ್ದವು, ಹಣವಿತ್ತು. ಗುಣಮಟ್ಟವನ್ನು ದಿನದಿನವೂ ಕಾಯುವ ಏರ್ಪಾಡು ಇರಲಿಲ್ಲ.

ಯಂತ್ರದ ಪ್ರಸ್ತಾವ

ಇದೇ ತಿಂಗಳುಗಳಲ್ಲಿ ನಮ್ಮ ಸಂಸ್ಥೆಯ ಮುಂದೆ ಇನ್ನೊಂದು ಕಡತವಿತ್ತು. ದಾನಿ ಕಂಪನಿಯೊಂದು ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಜೀನ್ ಅನುಕ್ರಮ ಓದುವ ಯಂತ್ರವನ್ನು ಕೊಡಿಸಲು ಮುಂದೆ ಬಂದಿತ್ತು. ಒಂದೇ ಬಿಲ್ಲೆಯಿಂದ ನೂರಾರು ಜೀನುಗಳ ಬದಲಾವಣೆ ಪತ್ತೆ ಹಚ್ಚಬಲ್ಲ ಯಂತ್ರ, ಉದ್ಘಾಟನೆಗೆ ಮಂತ್ರಿಗಳು ಬರುವಂಥದ್ದು. ಉತ್ತರ ಕರ್ನಾಟಕಕ್ಕೆ ಇಂಥದ್ದು ಬರಲಿ ಎಂಬ ಆಸೆ ಯಾರಿಗಿಲ್ಲ? ನಮ್ಮವರು ಒಂದು ತಪಾಸಣೆಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಕುಳಿತು ಬೆಂಗಳೂರಿಗೆ ಹೋಗಿ, 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯ ಸಾಲಿನಲ್ಲಿ ನಿಲ್ಲುವುದನ್ನು ನಾವು ಬಲ್ಲೆವು. ಸಮಿತಿಯ ಬಹುಪಾಲು ಜನ ಯಂತ್ರದ ಪರವಾಗಿದ್ದರು. ಮೊದಲ ಸಭೆಯಲ್ಲಿ ನಾನೂ ಇದ್ದೆ.

ಎರಡನೆಯ ಸಭೆಗೆ ಹಿರಿಯ ತಂತ್ರಜ್ಞರೊಬ್ಬರು ಆ ಉಪ್ಪಿನಕಾಯಿ ಡಬ್ಬಿಯನ್ನು ತೊಳೆದು ತಂದು ಮೇಜಿನ ಮೇಲಿಟ್ಟರು. ಎಸೆದಿರಲಿಲ್ಲ ಅವರು. ಹದವಾಗದ ಅಂಗಾಂಶದಲ್ಲಿ ಪ್ರೋಟೀನು ಹಾಳಾಗುವಂತೆಯೇ ಡಿಎನ್‌ಎ ಕೂಡ ತುಂಡುತುಂಡಾಗುತ್ತದೆ. ಆಮ್ಲವಾಗಿ ತಿರುಗಿದ ಫಾರ್ಮಾಲಿನ್ ಡಿಎನ್‌ಎಯ ಅಕ್ಷರಗಳನ್ನೇ ಬದಲಿಸಿ, ಇಲ್ಲದ ರೂಪಾಂತರವನ್ನು ಇದೆಯೆಂದು ತೋರಿಸಬಲ್ಲದು. ನಲವತ್ತು ದಾಟುವ ನಮ್ಮ ಬೇಸಿಗೆಯಲ್ಲಿ, ಫಾರ್ಮಾಲಿನ್ನಿಗೆ ಬೀಳುವ ಮುಂಚಿನ ಅರ್ಧ ಗಂಟೆಯಲ್ಲೇ ಕೊಳೆಯುವಿಕೆ ಚುರುಕಾಗುತ್ತದೆ. ಯಂತ್ರ ಎಷ್ಟು ಸೂಕ್ಷ್ಮವೋ ಅಷ್ಟೇ ನಂಬಿಕೆಯಿಂದ ಅದು ಕೆಟ್ಟ ಮಾದರಿಯ ಸುಳ್ಳನ್ನೂ ಮುದ್ರಿಸಿ ಕೊಡುತ್ತದೆ. ನರ್ಸಿಂಗ್ ಹೋಮಿನಿಂದ ಡಬ್ಬಿ ಬರುವ ರೀತಿ ಬದಲಾಗದೆ ಯಂತ್ರ ಬಂದರೆ, ನಗರದಲ್ಲಿದ್ದು ನೇರವಾಗಿ ನಮ್ಮಲ್ಲೇ ಸೂಜಿ ಪರೀಕ್ಷೆ ಮಾಡಿಸಿಕೊಳ್ಳುವವರಿಗೆ ಸರಿಯಾದ ಉತ್ತರ, ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಡಬ್ಬಿ ಕಳಿಸುವವರಿಗೆ ತಪ್ಪು ಉತ್ತರ ಎಂಬ ವಿಂಗಡಣೆ ತಾನಾಗಿಯೇ ಆಗಿಬಿಡುತ್ತದೆ.

ಇನ್ನೊಂದು ಪ್ರಶ್ನೆ ಔಷಧದ್ದು. ಪರೀಕ್ಷೆ ತೋರಿಸಿದ ದಾರಿಯಲ್ಲಿ ನಡೆಯಲು ಆಗದಿದ್ದರೆ ಆ ಪರೀಕ್ಷೆ ಮನೆಯವರ ಸಾಲ ಹೆಚ್ಚಿಸುವ ಕಾಗದವಷ್ಟೆ. ಹರ್-2ಗೆ ಟ್ರಾಸ್ಟುಜುಮಾಬ್ ಎಂಬ ಚುಚ್ಚುಮದ್ದು ಇದೆ, ಬೆಂಗಳೂರಿನ ಬಯೋಕಾನ್ ತಯಾರಿಸಿದ ಅದರ ಸಮಾನ ರೂಪಕ್ಕೆ 2013ರಲ್ಲೇ ಭಾರತದಲ್ಲಿ ಅನುಮತಿ ಸಿಕ್ಕಿತು, ಬೆಲೆ ಇಳಿಯಿತು. ಆದರೆ ಅನುಕ್ರಮ ಯಂತ್ರ ಪತ್ತೆ ಮಾಡುವ ಬಹುತೇಕ ಬದಲಾವಣೆಗಳಿಗೆ ಔಷಧವೇ ಇಲ್ಲ, ಇರುವ ಔಷಧ ಹಲವು ಸಲ ಕಾರ್ಡಿನ ಮಿತಿಯನ್ನು ಮೀರುತ್ತದೆ. 2024ರ ಜುಲೈ ಬಜೆಟ್ಟಿನಲ್ಲಿ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್, ಓಸಿಮರ್ಟಿನಿಬ್, ಡುರ್ವಾಲುಮಾಬ್ ಎಂಬ ಮೂರು ಕ್ಯಾನ್ಸರ್ ಔಷಧಗಳ ಆಮದು ಸುಂಕವನ್ನು ತೆಗೆದುಹಾಕಿದ್ದು ಒಳ್ಳೆಯದೇ, ಆದರೂ ನಿಂಬೆ ಬಿಡಿಸುವ ಕೂಲಿಯ ಅಳತೆಯಲ್ಲಿ ಅವು ಇಂದಿಗೂ ಆಕಾಶದಲ್ಲಿವೆ. ಪ್ರಶ್ನೆಯನ್ನು ನಾವು ತಿರುಗಿಸಿ ಕೇಳಿಕೊಂಡೆವು: ಯಾವ ಪರೀಕ್ಷೆಯ ಉತ್ತರ ಬಂದರೆ ನಾಳೆಯೇ ಈ ಜಿಲ್ಲೆಯ ಯಾವುದೇ ಹೆಂಗಸಿಗೆ ಕಾರ್ಡಿನ ಮೇಲೆ ಚಿಕಿತ್ಸೆ ಬದಲಿಸಬಹುದು? ಆ ಪಟ್ಟಿ ಚಿಕ್ಕದಾಗಿತ್ತು, ಅದರ ತಲೆಯಲ್ಲಿ ಈಸ್ಟ್ರೋಜನ್ ಗ್ರಾಹಕವಿತ್ತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ನಮ್ಮ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಪಕ್ಕದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 30ರಿಂದ 59 ವಯಸ್ಸಿನ 1,31,746 ಮಹಿಳೆಯರನ್ನು ಒಳಗೊಂಡು ನಡೆದ ಪ್ರಯೋಗ, ಒಂದೇ ಒಂದು ಸುತ್ತಿನ ಎಚ್‌ಪಿವಿ ವೈರಸ್ಸಿನ ಪರೀಕ್ಷೆ ಅದರಿಂದ ಬರುವ ಗರ್ಭಕಂಠ ಕ್ಯಾನ್ಸರಿನ ಸಾವನ್ನು ಅರ್ಧದ ಹತ್ತಿರಕ್ಕೆ ಇಳಿಸಬಲ್ಲದೆಂದು 2009ರಲ್ಲಿ ಜಗತ್ತಿಗೆ ತೋರಿಸಿತು. ನಮ್ಮಂಥದೇ ಹೊಲ, ನಮ್ಮಂಥದೇ ಹೆಂಗಸರು. ಆ ಪುರಾವೆಯನ್ನು ನೆಚ್ಚಿ ದೂರದ ಶ್ರೀಮಂತ ದೇಶಗಳು ಪರೀಕ್ಷೆಯನ್ನು ಅಳವಡಿಸಿಕೊಂಡವು, ನಮ್ಮ ಉಪಕೇಂದ್ರಗಳ ಮಾರ್ಗಸೂಚಿ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಲ್ಲಿ ನೋಡುವುದನ್ನೇ ಹೇಳುತ್ತ ಉಳಿಯಿತು. ಎಚ್‌ಪಿವಿ ಪರೀಕ್ಷೆಯನ್ನು ಓಡಿಸಬಲ್ಲ ಕಾರ್ಟ್ರಿಜ್ ಯಂತ್ರಗಳು ಕ್ಷಯರೋಗ ವಿಭಾಗದಲ್ಲಿ ಆಗಲೇ ಕೂತಿವೆ. ಹೊಸ ಯಂತ್ರ ಬೇಡಿದ ನಮ್ಮ ಸಮಿತಿ ಇರುವ ಯಂತ್ರದ ಬಿಡುವಿನ ವೇಳೆಯ ಬಗ್ಗೆ ಒಂದು ಪತ್ರವನ್ನೂ ಬರೆದಿರಲಿಲ್ಲ.

ಏನು ಮಾಡಿದೆವು, ಏನು ಆಗಲಿಲ್ಲ

ದಾನಿಯ ಮನವೊಲಿಸಲು ಎರಡು ತಿಂಗಳು ಹಿಡಿಯಿತು. ಅನುಕ್ರಮ ಯಂತ್ರದ ಬದಲು ಐಎಚ್‌ಸಿ ಬಣ್ಣ ಹಾಕುವ ಸ್ವಯಂಚಾಲಿತ ಯಂತ್ರ, ಮೂರು ಗ್ರಾಹಕಗಳಿಗೆ ಬೇಕಾದ ಪ್ರತಿಕಾಯಗಳು, ಮತ್ತು ಉಳಿದ ಹಣದಲ್ಲಿ ಡಬ್ಬಿಗಳು. ‘ಡಬ್ಬಿಗೆ ಫಲಕ ಹಾಕಲು ಬರುವುದಿಲ್ಲವಲ್ಲ’ ಎಂದು ದಾನಿಯ ಕಡೆಯವರೊಬ್ಬರು ನಗುತ್ತಲೇ ಹೇಳಿದರು. ಆ ಮಾತಿನಲ್ಲಿ ಆರೋಗ್ಯ ವ್ಯವಸ್ಥೆಯ ಹಣಕಾಸಿನ ಬಗ್ಗೆ ಬಹಳ ಸತ್ಯವಿದೆ.

ಡಬ್ಬಿಯ ವಿಷಯವನ್ನು ವಿವರವಾಗಿಯೇ ಹೇಳಬೇಕು. ಅಗಲ ಬಾಯಿಯ, ಬಿಗಿ ಮುಚ್ಚಳದ ಡಬ್ಬಿ. ನಮ್ಮಲ್ಲೇ ಅಳೆದು ಬಫರ್ ಸೇರಿಸಿ ತುಂಬಿದ ಹತ್ತು ಶೇಕಡ ಫಾರ್ಮಾಲಿನ್. ತುಂಡು ಹಾಕಿದ ಮೇಲೂ ದ್ರವ ಈ ಗೆರೆಗಿಂತ ಮೇಲಿರಲಿ ಎಂದು ಒಂದು ಕೆಂಪು ಗೆರೆ. ಮೇಲೆ ಕನ್ನಡದ ಚೀಟಿ: ದೇಹದಿಂದ ತೆಗೆದ ಹೊತ್ತು, ದ್ರವಕ್ಕೆ ಹಾಕಿದ ಹೊತ್ತು. ಕ್ಯಾನ್ಸರಿನ ಸಂಶಯವಿದ್ದರೆ ಗಡ್ಡೆ ತೆಗೆಯಬೇಡಿ, ಸೂಜಿ ಪರೀಕ್ಷೆಗೆ ಕಳಿಸಿ ಎಂದು ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು. ಶಸ್ತ್ರಚಿಕಿತ್ಸೆ ನಡೆಯುವ ತಾಲ್ಲೂಕು ಆಸ್ಪತ್ರೆಗಳಿಗೂ ನರ್ಸಿಂಗ್ ಹೋಮುಗಳಿಗೂ ಉಚಿತವಾಗಿ ಕೊಟ್ಟೆವು. ಬಳಸಿದ ಡಬ್ಬಿ ನಮಗೆ ಬಂದಾಗ ಬದಲಿಗೆ ತುಂಬಿದ ಡಬ್ಬಿ ವಾಪಸು ಹೋಗುತ್ತದೆ.

ಮೊದಲ ತಿಂಗಳ ಚೀಟಿಗಳನ್ನು ನೋಡಿ ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತೆಗೆದ ಹೊತ್ತು 11.00, ಹಾಕಿದ ಹೊತ್ತು 11.00. ಮತ್ತೊಂದು 4.00, 4.00. ಎಲ್ಲ ಶಸ್ತ್ರಚಿಕಿತ್ಸೆಗಳೂ ಗಂಟೆ ಹೊಡೆಯುವಾಗಲೇ ಮುಗಿಯುತ್ತಿದ್ದವು. ಬರೆಯುವ ಹೊಣೆ ವೈದ್ಯರದೆಂದು ಚೀಟಿಯಲ್ಲಿ ಮುದ್ರಿಸಿದ್ದು ನಮ್ಮ ದಡ್ಡತನ. ಕೈಗವಸು ಹಾಕಿಕೊಂಡು ಹೊಲಿಗೆ ಹಾಕುತ್ತಿರುವವರು ಪೆನ್ನು ಹಿಡಿಯುವುದು ಹೇಗೆ? ಶಸ್ತ್ರಚಿಕಿತ್ಸಾ ಕೊಠಡಿಯ ಸಿಸ್ಟರುಗಳನ್ನು ಕರೆಸಿ, ಹಸಿ ಉಳಿದ ನಡುಭಾಗದ ಚಿತ್ರವನ್ನೂ ನಾಳದ ಎರಡು ಪಟ್ಟಿಗಳನ್ನೂ ತೋರಿಸಿದ ಮೇಲೆ 11.20, 11.35 ಎಂಬಂಥ ಅಂಕಿಗಳು ಬರತೊಡಗಿದವು.

ಬಿಲ್ಲೆ ಮತ್ತು ಪಟ್ಟಿಗಳನ್ನು ಮನೆಯವರ ಕೈಗೆ ಕೊಟ್ಟು ಕಳಿಸುವುದನ್ನು ನಿಲ್ಲಿಸಿದೆವು. ಮೇಣ ಐವತ್ತಾರು ಡಿಗ್ರಿಯ ಹತ್ತಿರ ಕರಗುತ್ತದೆ, ಬೇಸಿಗೆಯ ಮಧ್ಯಾಹ್ನ ಬಸ್ಸಿನ ಗಾಜಿನ ಪಕ್ಕ ಇಟ್ಟ ಬಿಲ್ಲೆ ಮೆತ್ತಗಾಗಿ ಅಂಟಿಕೊಂಡು ಬಂದದ್ದನ್ನು ನಾನೇ ಬಿಡಿಸಿದ್ದೇನೆ. ಕಫದ ಮಾದರಿಗಳನ್ನು ಸಾಗಿಸಲು ಕ್ಷಯರೋಗ ಕಾರ್ಯಕ್ರಮದಲ್ಲಿರುವ ಏರ್ಪಾಡಿನೊಂದಿಗೆ ಸೇರಿಕೊಳ್ಳಲು ನೋಡಿದೆವು. ಫಾರ್ಮಾಲಿನ್ ವಿಷವಸ್ತು, ಸೋರಿದರೆ ಹೊಣೆ ಯಾರದು ಎಂಬ ಪ್ರಶ್ನೆಯಲ್ಲಿ ಅದು ನಿಂತಿದೆ. ಸದ್ಯಕ್ಕೆ ವಾರಕ್ಕೆರಡು ದಿನ ನಮ್ಮದೇ ಸಿಬ್ಬಂದಿ ಮೋಟಾರ್ ಸೈಕಲ್ಲಿನಲ್ಲಿ ಹೋಗಿ ತರುತ್ತಾರೆ, ದೂರದ ತಾಲ್ಲೂಕುಗಳು ಇನ್ನೂ ಹೊರಗೇ ಇವೆ.

ಹೆಚ್ಚಿನ ಬದಲಾವಣೆ ತಂದದ್ದು ಯಂತ್ರವೂ ಅಲ್ಲ, ಒಂದು ಆದೇಶ. ಸ್ತನ ಕ್ಯಾನ್ಸರ್ ಎಂದು ಖಚಿತವಾದ ಪ್ರತಿ ಬಿಲ್ಲೆಯ ಮೇಲೂ ಮೂರು ಗ್ರಾಹಕಗಳ ಪರೀಕ್ಷೆ ತಾನಾಗಿಯೇ ಆಗಬೇಕು. ಹಣ ಬಂತೇ ಎಂದು ಕೇಳಬಾರದು, ಬೇರೆ ಚೀಟಿ ಬೇಡ, ಸಹಿ ಬೇಡ. ಖರ್ಚನ್ನು ರೋಗಿ ಮುಂದೆ ದಾಖಲಾದಾಗ ಆಸ್ಪತ್ರೆಗೆ ಬರುವ ಪ್ಯಾಕೇಜಿನ ಹಣದಿಂದ ತುಂಬಿಕೊಳ್ಳಬೇಕು. ಲೆಕ್ಕ ವಿಭಾಗದವರು ಬಲವಾಗಿಯೇ ವಿರೋಧಿಸಿದರು: ಪರೀಕ್ಷೆ ನಮ್ಮಲ್ಲಾಗಿ ಚಿಕಿತ್ಸೆಗೆ ರೋಗಿ ಹುಬ್ಬಳ್ಳಿಗೋ ಮೀರಜಿಗೋ ಬಾರ್ಶಿಗೋ ಹೋದರೆ ಖರ್ಚು ನಮ್ಮದು, ಪ್ಯಾಕೇಜು ಅವರದು. ಅವರ ಮಾತು ನಿಜ, ನಮ್ಮ ಜಿಲ್ಲೆಯ ಉತ್ತರದ ಹಳ್ಳಿಗಳಿಗೆ ಸೊಲ್ಲಾಪುರದ ಕಡೆಯ ದಾರಿಯೇ ರೂಢಿ, ನಂಟಸ್ತನವೂ ಅತ್ತಲೇ. ರೋಗಿ ಎಲ್ಲಿ ಹೋದರೂ ಪರೀಕ್ಷೆಯ ಹಣ ಪರೀಕ್ಷಿಸಿದವರಿಗೆ ಬರುವಂತೆ ಯೋಜನೆಯಲ್ಲೇ ರೋಗನಿರ್ಣಯಕ್ಕೆ ಬೇರೆ ದರ ಗೊತ್ತುಪಡಿಸುವ ತನಕ ಈ ಜಗಳ ಮುಗಿಯುವುದಿಲ್ಲ. ಅಲ್ಲಿಯವರೆಗೆ ನಷ್ಟವನ್ನು ಸಂಸ್ಥೆ ಹೊರಬೇಕೆಂದು ಸಮಿತಿ ಒಂದು ಮತದ ಅಂತರದಿಂದ ನಿರ್ಧರಿಸಿತು.

ವರದಿಯ ಜೊತೆಗೆ ಈಗ ಕನ್ನಡದ ಒಂದು ಪುಟ ಹೋಗುತ್ತದೆ. ಅದರಲ್ಲಿ ನೆಗೆಟಿವ್, ಪಾಸಿಟಿವ್ ಎಂಬ ಪದಗಳೇ ಇಲ್ಲ. ಹಾರ್ಮೋನ್ ಮಾತ್ರೆ ನಾಟುವ ಬಗೆ, ನಾಟದ ಬಗೆ ಎಂದಿದೆ; ಎರಡರಲ್ಲೂ ರೋಗ ಇದೆ, ಇಂಥ ದಿನದೊಳಗೆ ಬನ್ನಿ ಎಂದಿದೆ. ಮೊದಲ ಕರಡಿನಲ್ಲಿ ನಾನು ಗ್ರಾಹಕ ಎಂದು ಬರೆದಿದ್ದೆ. ಓದಿ ನೋಡಿದ ಆಶಾ ಕಾರ್ಯಕರ್ತೆಯರು ಗ್ರಾಹಕ ಅಂದರೆ ರೇಷನ್ ಅಂಗಡಿಯ ಗಿರಾಕಿಯಲ್ಲವೇ ಎಂದು ಕೇಳಿದರು. ತೆಗೆದುಹಾಕಿದೆ. ಇಂಡಿ, ಚಡಚಣ ಕಡೆಗೆ ಮರಾಠಿಯ ಪುಟವೂ ಬೇಕೆಂದು ಅವರೇ ಹೇಳಿದ್ದಾರೆ.

ಆ ಹೆಂಗಸು ವಿಕಿರಣ ಮುಗಿಸಿ ಊರಿಗೆ ಮರಳಿದ್ದಾರೆ. ಮೂರು ತಿಂಗಳಿಗೊಮ್ಮೆ ಬಂದು ಮಾತ್ರೆ ಒಯ್ಯುತ್ತಾರೆ, ಹಂಗಾಮಿನಲ್ಲಿ ಗಂಡನನ್ನು ಕಳಿಸುತ್ತಾರೆ. ಕಳೆದ ಸಲ ಅವರು ಬಂದಾಗ ಕೈಚೀಲದಲ್ಲಿ ನಮಗೆಂದು ಒಂದಿಷ್ಟು ನಿಂಬೆಹಣ್ಣು ತಂದಿದ್ದರು. ಹರ್-2 ಎರಡು ಪ್ಲಸ್ ಬಂದ ಬಿಲ್ಲೆಗಳು ಫಿಶ್ ಪರೀಕ್ಷೆಗೆ ಇಂದಿಗೂ ಬೇರೆ ಊರಿಗೆ ಹೋಗುತ್ತವೆ, ಅದರ ಹಣ ಇಂದಿಗೂ ಮನೆಯವರದೇ. ಅದನ್ನು ಯಾವ ಲೆಕ್ಕದಿಂದ ಭರಿಸುವುದೆಂಬುದು ಮುಂದಿನ ಸಭೆಯ ಮೊದಲ ವಿಷಯವಾಗಿದೆ.